ಭಾರ ಇರುವುದು ದಾರದಲ್ಲಿ

ಕೋಳಿಯ ಪುಕ್ಕವೊಂದನ್ನು ಕೈಯಲ್ಲಿ ಹಿಡಿದು ಇಪ್ಪತ್ತು ಅಡಿ ದೂರಕ್ಕೆ ಎಸೆದು ನೋಡಿ. ರಟ್ಟೆಯಲ್ಲಿ ಎಷ್ಟೇ ಬಲವಿದ್ದರೂ ಅದು ಕಾಲ ಬುಡದಲ್ಲೇ ತೇಲಾಡಿ ಬೀಳುತ್ತದೆ. ಈಗ ಅದೇ ಪುಕ್ಕವನ್ನು ಚಾಟಿಯ ತುದಿಗೆ ಕಟ್ಟಿ ಬೀಸಿ. ಚಾಟಿ ಹೋದಲ್ಲಿಗೆ ಪುಕ್ಕವೂ ಹೋಗುತ್ತದೆ. ಫ್ಲೈ ಫಿಶಿಂಗ್ ಎಂಬ ವಿದ್ಯೆಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕಂದಿನಲ್ಲಿ ನಮ್ಮ ಗಾಳವೆಂದರೆ ಬಿದಿರಿನ ಕೋಲು, ನೈಲಾನ್ ದಾರ, ಅದಕ್ಕೊಂದು ಬೆಂಡು, ಬೆಂಡಿನ ಕೆಳಗೆ ಸೀಸದ ಚೂರು, ಕೊನೆಗೆ ಎರೆಹುಳು ಸಿಕ್ಕಿಸಿದ ಕೊಕ್ಕೆ. ಭಾರವೆಲ್ಲ ತುದಿಯಲ್ಲಿ. ಸೀಸ ಮುಂದೆ ಹಾರಿದರೆ ದಾರ ಅದರ ಹಿಂದೆ ಓಡುತ್ತಿತ್ತು. ಫ್ಲೈ ಫಿಶಿಂಗ್‌ನಲ್ಲಿ ಇದೆಲ್ಲ ತಿರುಗುಮುರುಗು. ತುದಿಯಲ್ಲಿರುವುದು ಪುಕ್ಕ, ಕೂದಲು, ನೂಲು ಸುತ್ತಿ ಹುಳುವಿನ ವೇಷ ಹಾಕಿದ ಪುಟ್ಟ ಕೊಕ್ಕೆ. ಅದಕ್ಕೇ ‘ಫ್ಲೈ’ ಎಂದು ಹೆಸರು. ಅದಕ್ಕೆ ತೂಕವೆಂಬುದು ಇಲ್ಲದಷ್ಟೇ. ಹಾಗಾಗಿ ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ಕೋಲು ಬೀಸುವುದು ದಾರವನ್ನು. ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ.

ಇದು ತಲೆಗೆ ಹೋಗದೆ ಅಂಗಡಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ. ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಕೋಲೊಂದು ಅಗ್ಗಕ್ಕೆ ಸಿಕ್ಕಿತು. ದೊಡ್ಡ ಅಂಗಡಿಯೊಂದರಲ್ಲಿ ‘ಹೊಸಬರಿಗೆ ಇದೇ ಒಳ್ಳೆಯದು’ ಎಂದು ದಾರ ಕೊಟ್ಟರು. ನನ್ನ ಕೋಲು ಯಾವುದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯ ಹಿಂದಿನ ಹುಲ್ಲಿನಲ್ಲಿ ಒಂದು ವಾರ ಬೀಸಿದೆ. ದಾರ ಒದ್ದೆ ಹಗ್ಗದಂತೆ ನನ್ನ ಭುಜದ ಮೇಲೇ ಕುಸಿಯುತ್ತಿತ್ತು. ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಮುದುಕರು ಕೊನೆಗೊಮ್ಮೆ ಬಂದು, ಕೋಲಿನ ಕಾರ್ಕ್ ಹಿಡಿಯ ಮೇಲಿದ್ದ ಸಣ್ಣ ಅಕ್ಷರ ಓದಿದರು. ಕೋಲು 8ನೇ ನಂಬರಿನದು, ದಾರ 5ನೇ ನಂಬರಿನದು. ಅಷ್ಟು ಹಗುರ ದಾರಕ್ಕೆ ಆ ಗಟ್ಟಿ ಕೋಲು ಬಾಗುವುದೇ ಇಲ್ಲ ಎಂದರು. ಕೋಲು ಬಾಗದಿದ್ದರೆ ದಾರ ಹಾರುವುದಿಲ್ಲ.

ಮೊದಲು ನಂಬರ್, ಆಮೇಲೆ ಅಂಗಡಿ

ಫ್ಲೈ ಲೈನ್, ಅಂದರೆ ಬೀಸುವ ದಾರಕ್ಕೆ ತೂಕದ ಪ್ರಕಾರ ನಂಬರ್ ಇರುತ್ತದೆ. ದಾರದ ಮೊದಲ 30 ಅಡಿ ಎಷ್ಟು ತೂಗುತ್ತದೆ ಎಂಬುದರ ಮೇಲೆ ಅಮೆರಿಕದ ಮೀನುಗಾರಿಕೆ ಸಾಮಗ್ರಿ ತಯಾರಕರ ಸಂಘ ಇದನ್ನು ಗೊತ್ತುಮಾಡಿತು. ಅಳತೆ ಗ್ರೇನ್ ಲೆಕ್ಕದಲ್ಲಿ. 3ನೇ ನಂಬರಿಗೆ 100 ಗ್ರೇನ್, 5ಕ್ಕೆ 140, 8ಕ್ಕೆ 210. ನಮ್ಮ ಲೆಕ್ಕದಲ್ಲಿ 140 ಗ್ರೇನ್ ಎಂದರೆ ಸುಮಾರು 9 ಗ್ರಾಂ. ಹಳೆಯ ದಪ್ಪ ಐದು ರೂಪಾಯಿ ನಾಣ್ಯ ನೆನಪಿದೆಯಲ್ಲ? ಅದರ ತೂಕವೂ 9 ಗ್ರಾಮೇ. ಆ ನಾಣ್ಯವನ್ನು 30 ಅಡಿ ಉದ್ದಕ್ಕೆ ಎಳೆದು ದಾರ ಮಾಡಿದರೆ ಅದು 5ನೇ ನಂಬರ್. ಐದು ರೂಪಾಯಿಗೆ ಐದು ಎಂದು ನೆನಪಿಟ್ಟುಕೊಳ್ಳಿ.

ಕೋಲಿನ ಮೇಲಿರುವ ನಂಬರ್ ‘ನಾನು ಇಷ್ಟು ತೂಕದ ದಾರಕ್ಕೆ ಸರಿಯಾಗಿ ಬಾಗುತ್ತೇನೆ’ ಎಂಬ ಮಾತು. ರೀಲಿನ ಮೇಲಿನ ನಂಬರ್ ‘ಇಷ್ಟು ದಪ್ಪದ ದಾರ ನನ್ನಲ್ಲಿ ಹಿಡಿಯುತ್ತದೆ’ ಎಂಬುದು. ಮೂರೂ ಒಂದೇ ಆದರೆ ಅರ್ಧ ಕೆಲಸ ಮುಗಿದಂತೆ.

ಯಾವ ನಂಬರ್ ಬೇಕೆಂದು ಹೇಳುವುದು ಮೀನು ಮತ್ತು ನೀರು. ಹಾರಿ ದಾಟಬಹುದಾದ ತೊರೆ, ಅಂಗೈಯಗಲದ ಮೀನು ಎಂದರೆ 3. ಹೊಳೆಯ ಟ್ರೌಟ್, ಕೆರೆಯ ಬ್ಲೂಗಿಲ್‌ಗೆ 5. ದೊಡ್ಡ ಫ್ಲೈ ಎಸೆಯಬೇಕಾದ ಬಾಸ್ ಮೀನಿಗೆ 6 ಅಥವಾ 7. ಸಮುದ್ರದ ಗಾಳಿಗೆ, ಸಾಲ್ಮನ್‌ನಂಥ ಬಲಶಾಲಿಗೆ 8 ಮತ್ತು ಮೇಲೆ. ಇನ್ನೂ ಗೊತ್ತಿಲ್ಲ, ಸುಮ್ಮನೆ ಕಲಿಯಬೇಕು ಎನ್ನುವವರಿಗೆ 5ರಿಂದ ಮೋಸವಿಲ್ಲ. ಸಣ್ಣದಕ್ಕೂ ಸೈ, ತುಸು ದೊಡ್ಡದಕ್ಕೂ ಸೈ.

ಕೋಲು

ಹೊಸಬರ ಕೋಲು 9 ಅಡಿ ಉದ್ದದ್ದಿರಲಿ, ನಾಲ್ಕು ತುಂಡಿನದಿರಲಿ. ಒಂಬತ್ತು ಅಡಿ ಇದ್ದರೆ ಹಿಂದಕ್ಕೆ ಬೀಸಿದಾಗ ದಾರ ಪೊದೆಗಳ ಮೇಲೆ ಹಾಯುತ್ತದೆ, ಹರಿಯುವ ನೀರಿನ ಮೇಲೆ ಬಿದ್ದ ದಾರವನ್ನು ಎತ್ತಿ ಸರಿಪಡಿಸುವುದೂ ಸುಲಭ. ನಾಲ್ಕು ತುಂಡು ಮಾಡಿದರೆ ಸುಮಾರು ಎರಡೂವರೆ ಅಡಿಯ ಕೊಳವೆಯಲ್ಲಿ ಸೇರಿಕೊಳ್ಳುತ್ತದೆ. ಕಾರಿನ ಡಿಕ್ಕಿಗೂ ಬರುತ್ತದೆ.

ಅಂಗಡಿಯಲ್ಲಿ ‘ಆ್ಯಕ್ಷನ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಕೋಲು ಎಲ್ಲಿಂದ ಬಾಗುತ್ತದೆ ಎಂಬುದಷ್ಟೇ ಅದರ ಅರ್ಥ. ತುದಿ ಮಾತ್ರ ಬಾಗಿದರೆ ‘ಫಾಸ್ಟ್’, ಹಿಡಿಯವರೆಗೂ ಬಾಗಿದರೆ ‘ಸ್ಲೋ’. ಫಾಸ್ಟ್ ಕೋಲು ಪಳಗಿದ ಕೈಯಲ್ಲಿ ದೂರ ಎಸೆಯುತ್ತದೆ, ಆದರೆ ತಪ್ಪನ್ನು ಕ್ಷಮಿಸುವುದಿಲ್ಲ. ಹೊಸಬರಿಗೆ ನಡುವಿನದು, ಅಂದರೆ ‘ಮೀಡಿಯಂ ಫಾಸ್ಟ್’ ಬೇಕು. ದಾರದ ಭಾರ ಕೋಲಿಗೆ ತಗುಲಿದ್ದು ಕೈಗೆ ಗೊತ್ತಾಗುತ್ತದೆ. ಕಲಿಯುವವರಿಗೆ ಆ ಗೊತ್ತಾಗುವಿಕೆಯೇ ಮೇಷ್ಟ್ರು.

ಹಿಂದೆ ಒಳ್ಳೆಯ ಕೋಲೆಂದರೆ ಬಿದಿರಿನದೇ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಬರುವ ಟಾಂಕಿನ್ ಬಿದಿರನ್ನು ಸೀಳಿ, ಆರು ಸೀಳುಗಳನ್ನು ತ್ರಿಕೋನಕ್ಕೆ ಹೆರೆದು, ಅಂಟಿಸಿ ಆರು ಮೂಲೆಯ ಕೋಲು ಮಾಡುತ್ತಿದ್ದರು. ಈಗಲೂ ಮಾಡುವವರಿದ್ದಾರೆ, ಬೆಲೆ ಸಾವಿರ ಡಾಲರಿನ ಮಾತು. ಆಮೇಲೆ ಫೈಬರ್‌ಗ್ಲಾಸ್, 1970ರ ದಶಕದಿಂದ ಗ್ರ್ಯಾಫೈಟ್. ನಿಮಗೆ ಬೇಕಾದ್ದು ಗ್ರ್ಯಾಫೈಟ್. ಮೀನಿನಿಂದ ಮುರಿದ ಕೋಲಿಗಿಂತ ಕಾರಿನ ಬಾಗಿಲಿಗೆ, ಮನೆಯೊಳಗೆ ಜೋಡಿಸಲು ಹೋಗಿ ಫ್ಯಾನಿಗೆ ಸಿಕ್ಕಿ ಮುರಿದ ಕೋಲುಗಳ ಕಥೆಯನ್ನೇ ನಾನು ಹೆಚ್ಚು ಕೇಳಿದ್ದೇನೆ. ಆದ್ದರಿಂದ ಮುರಿದ ತುಂಡನ್ನು ಬದಲಿಸಿ ಕೊಡುತ್ತಾರೆಯೇ ಎಂದು ಕೊಳ್ಳುವಾಗಲೇ ಕೇಳಿ.

ರೀಲ್: ದುಡ್ಡು ಉಳಿಸುವ ಜಾಗ

ಅಂಗಡಿಯಲ್ಲಿ ಕಣ್ಣು ಸೆಳೆಯುವುದು ರೀಲ್. ಹೊಸಬರ ದುಡ್ಡು ವ್ಯರ್ಥವಾಗುವುದೂ ಅಲ್ಲೇ. ಸಣ್ಣ ಟ್ರೌಟ್ ಹಿಡಿಯುವಾಗ ರೀಲ್ ಅಂದರೆ ದಾರ ಸುತ್ತಿಡುವ ರಾಟೆ, ಅಷ್ಟೇ. ಮೀನು ಬಿದ್ದ ಮೇಲೆ ದಾರವನ್ನು ಎಡಗೈಯಲ್ಲೇ ಎಳೆದುಕೊಳ್ಳುತ್ತೇವೆ. 1874ರಲ್ಲಿ ಚಾರ್ಲ್ಸ್ ಆರ್ವಿಸ್ ಪೇಟೆಂಟ್ ಪಡೆದ, ಪಕ್ಕದಲ್ಲಿ ತೂತುಗಳಿರುವ ತೆಳು ರೀಲನ್ನು ಇವತ್ತಿನ ರೀಲಿನ ಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ದಾರ ಬೇಗ ಒಣಗಲಿ, ರೀಲ್ ಹಗುರವಾಗಲಿ ಎಂಬುದೇ ಆ ತೂತುಗಳ ಉದ್ದೇಶ.

ನೋಡಬೇಕಾದ್ದು ಮೂರೇ: ನಂಬರ್ ಹೊಂದಬೇಕು, ಸಲೀಸಾಗಿ ತಿರುಗಬೇಕು, ಮೀನು ಓಡಿದರೆ ದಾರ ಬಿಡುವ ಹಿಡಿತ ಬಿಗಿ–ಸಡಿಲ ಮಾಡುವಂತಿರಬೇಕು. ಇನ್ನೊಂದು ಮಾತು. ಬಲಗೈಯವರು ಬಲಗೈಯಲ್ಲಿ ಕೋಲು ಹಿಡಿದು ಎಡಗೈಯಲ್ಲಿ ಸುತ್ತುವುದು ರೂಢಿ. ರೀಲ್ ಯಾವ ಕೈಗೆ ಎಂದು ದಾರ ಸುತ್ತಿಸುವ ಮೊದಲೇ ಹೇಳಿ. ಆಮೇಲೆ ಬದಲಿಸಲು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಒಂದೇ ದಾರವಲ್ಲ, ನಾಲ್ಕು

ರೀಲಿನಿಂದ ಫ್ಲೈವರೆಗೆ ಇರುವುದು ಒಂದೇ ದಾರವಲ್ಲ. ಮೊದಲು ರೀಲಿಗೆ ಕಟ್ಟುವುದು ‘ಬ್ಯಾಕಿಂಗ್’: 20 ಪೌಂಡ್ ತಾಳುವ, ಹೆಣೆದ ತೆಳು ದಾರ, 50ರಿಂದ 100 ಗಜ. ದೊಡ್ಡ ಮೀನು ದೂರ ಓಡಿದಾಗ ಬೇಕಾಗುತ್ತದೆ. ಉಳಿದ ದಿನಗಳಲ್ಲಿ ರೀಲಿನ ಹೊಟ್ಟೆ ತುಂಬಿಸುತ್ತದೆ.

ಅದರ ಮೇಲೆ ಫ್ಲೈ ಲೈನ್, ಸುಮಾರು 90 ಅಡಿ. ಡಬ್ಬಿಯ ಮೇಲೆ ‘ಡಬ್ಲ್ಯುಎಫ್–5–ಎಫ್’ ಎಂದಿರುವುದನ್ನೇ ಕೊಳ್ಳಿ. ಮೊದಲ ಎರಡಕ್ಷರ ‘ವೆಯ್ಟ್ ಫಾರ್ವರ್ಡ್’, ಭಾರವನ್ನು ಮುಂಭಾಗಕ್ಕೆ ತಂದಿದ್ದಾರೆ ಎಂದು. ಕೊನೆಯ ‘ಎಫ್’ ಎಂದರೆ ‘ಫ್ಲೋಟಿಂಗ್’, ನೀರಿನ ಮೇಲೆ ತೇಲುವಂಥದ್ದು. ಕೊನೆಗೆ ‘ಎಸ್’ ಇದ್ದರೆ ಅದು ಮುಳುಗುತ್ತದೆ, ಈಗ ಬೇಡ. ಬಣ್ಣ ಕಣ್ಣಿಗೆ ಹೊಡೆಯುವಂತಿರಲಿ. ದಾರ ಎಲ್ಲಿದೆ ಎಂದು ಕಾಣದೆ ಕಲಿಯಲಾಗದು. ಹಿಂದೆ ಇದೇ ದಾರವನ್ನು ರೇಷ್ಮೆಯಿಂದ ಹೆಣೆದು, ತೇಲಲೆಂದು ಜಿಡ್ಡು ಸವರಿ, ದಿನದ ಕೊನೆಗೆ ಬಿಚ್ಚಿ ಒಣಗಿಸಬೇಕಿತ್ತು. ಈಗಿನದಕ್ಕೆ ಪ್ಲಾಸ್ಟಿಕ್ ಹೊದಿಕೆ ಇದೆ. ಆಗಾಗ ಸೋಪಿನ ನೀರಲ್ಲಿ ಒರೆಸಿದರೆ ಸಾಕು. ಸೊಳ್ಳೆಗೆಂದು ಹಚ್ಚಿಕೊಂಡ ಔಷಧಿಯ ಕೈಯಲ್ಲಿ ಮಾತ್ರ ಮುಟ್ಟಬೇಡಿ, ಹೊದಿಕೆ ಕರಗುತ್ತದೆ.

ಮೂರನೆಯದು ‘ಲೀಡರ್’. ದಪ್ಪ ಬಣ್ಣದ ದಾರವನ್ನು ನೇರ ಫ್ಲೈಗೆ ಕಟ್ಟಿದರೆ ಮೀನಿಗೆ ಕಂಡುಬಿಡುತ್ತದೆ. ಅದಕ್ಕೆ ನಡುವೆ 9 ಅಡಿಯ ಪಾರದರ್ಶಕ ನೈಲಾನ್. ಲೈನಿನ ಕಡೆ ದಪ್ಪ, ಫ್ಲೈಯ ಕಡೆ ಹೋಗುತ್ತ ಸಣ್ಣ. ಚಾಟಿ ಮೊನೆಗೆ ಹೋಗುತ್ತ ಸಪೂರವಾಗುವ ಹಾಗೆಯೇ. ಬೀಸಿನ ಬಲ ಕೊನೆಯವರೆಗೂ ಹರಿದು ಫ್ಲೈಯನ್ನು ಮೆತ್ತಗೆ ಇಳಿಸುತ್ತದೆ. ಅದರ ತುದಿಗೆ ಎರಡು ಅಡಿ ಸಪೂರ ಎಳೆ ಕಟ್ಟುತ್ತೇವೆ, ಅದು ‘ಟಿಪ್ಪೆಟ್’. ಪ್ರತಿ ಸಲ ಫ್ಲೈ ಬದಲಿಸಿದಾಗ ಕತ್ತರಿಸಿ ಹೋಗುವುದು ಈ ಅಗ್ಗದ ಎಳೆ. ದುಬಾರಿ ಲೀಡರ್ ಉಳಿದುಕೊಳ್ಳುತ್ತದೆ.

ಟಿಪ್ಪೆಟ್ಟಿನ ಸುರುಳಿಯ ಮೇಲೆ ‘4 ಎಕ್ಸ್’, ‘5 ಎಕ್ಸ್’ ಎಂದಿರುತ್ತದೆ. ಈ ಎಕ್ಸ್ ಎಲ್ಲಿಂದ ಬಂತು ಎಂಬುದು ರೇಷ್ಮೆ ಸೀಮೆಯ ನಮಗೆ ಗೊತ್ತಿರಬೇಕಾದ ಸಂಗತಿ. ನೈಲಾನ್ ಬರುವ ಮೊದಲು ಈ ಎಳೆಯನ್ನು ಮಾಡುತ್ತಿದ್ದುದು ರೇಷ್ಮೆ ಹುಳುವಿನಿಂದ. ಆದರೆ ಗೂಡಿನ ನೂಲಿನಿಂದಲ್ಲ. ಹುಳು ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಅದನ್ನು ವಿನೆಗರಿನಲ್ಲಿ ನೆನೆಸಿ, ಹೊಟ್ಟೆಯೊಳಗಿನ ರೇಷ್ಮೆಯ ಗ್ರಂಥಿಯನ್ನೇ ತೆಗೆದು, ಎರಡೂ ತುದಿ ಹಿಡಿದು ಎಳೆದರೆ ಗಟ್ಟಿ ತಂತಿಯಂಥ ಎಳೆಯಾಗುತ್ತಿತ್ತು. ಸ್ಪೇನಿನ ಮುರ್ಸಿಯಾ ಈ ಕಸುಬಿಗೆ ಹೆಸರಾಗಿತ್ತು. ಎಳೆಯನ್ನು ಇನ್ನಷ್ಟು ಸಪೂರ ಮಾಡಲು ಅಚ್ಚಿನ ತೂತಿನ ಮೂಲಕ ಎಳೆಯುತ್ತಿದ್ದರು, ಅಕ್ಕಸಾಲಿಗರು ತಂತಿ ಎಳೆದ ಹಾಗೆ. ಒಮ್ಮೆ ಎಳೆದರೆ 1 ಎಕ್ಸ್, ಐದು ಸಲ ಎಳೆದರೆ 5 ಎಕ್ಸ್. ಹುಳು ಹೋಯಿತು, ಲೆಕ್ಕ ಉಳಿಯಿತು.

ಹಾಗಾಗಿ ಎಕ್ಸ್ ಹೆಚ್ಚಿದಷ್ಟೂ ಎಳೆ ಸಪೂರ. 11ರಿಂದ ಎಕ್ಸ್ ಕಳೆದರೆ ಸಾವಿರದ ಒಂದಂಶ ಇಂಚಿನ ಲೆಕ್ಕದಲ್ಲಿ ದಪ್ಪ ಸಿಗುತ್ತದೆ: 5 ಎಕ್ಸ್ ಎಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. ಹೊಸಬರಿಗೆ 4 ಮತ್ತು 5 ಎಕ್ಸ್‌ನ ಒಂದೊಂದು ಸುರುಳಿ ಸಾಕು. ಯಾವ ಫ್ಲೈಗೆ ಯಾವುದು? ಫ್ಲೈಯ ಸೈಜನ್ನು ಮೂರರಿಂದ ಭಾಗಿಸಿ. 14ನೇ ಸೈಜಿಗೆ ಹತ್ತಿರ ಹತ್ತಿರ 5.

ಹುಳುವಿನ ವೇಷ

ಫ್ಲೈಯ ಸೈಜು ಕೈಹೊಲಿಗೆಯ ಸೂಜಿಯ ಹಾಗೆ: ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಾವಿರ ಬಗೆ ಕಾಣುತ್ತವೆ. ಮೀನು ಏನು ತಿನ್ನುತ್ತದೆ ಎಂದು ಗೊತ್ತಿದ್ದರೆ ಗಾಬರಿಯಿಲ್ಲ. ಮೇಫ್ಲೈ ಎಂಬ ಹುಳುವನ್ನೇ ನೋಡಿ. ಬದುಕಿನ ಬಹುಪಾಲು ಅದು ನೀರಿನೊಳಗೆ ಕಲ್ಲಿನ ಸಂದಿಯಲ್ಲಿ ಮರಿಯಾಗಿ ಇರುತ್ತದೆ. ಆಮೇಲೆ ಮೇಲೆದ್ದು, ರೆಕ್ಕೆ ಬಿಡಿಸಿ, ಏನೂ ತಿನ್ನದೆ ಕೆಲವು ಗಂಟೆಯೋ ಒಂದೆರಡು ದಿನವೋ ಬದುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ಟ್ರೌಟ್ ಇದನ್ನು ಎಲ್ಲ ಹಂತದಲ್ಲೂ ತಿನ್ನುತ್ತದೆ. ನೀರಿನೊಳಗಿನ ಮರಿಯನ್ನು ಅನುಕರಿಸಿದ್ದು ‘ನಿಂಫ್’, ನೀರ ಮೇಲೆ ಕೂತ ಹುಳುವನ್ನು ಅನುಕರಿಸಿದ್ದು ‘ಡ್ರೈ ಫ್ಲೈ’, ಸಣ್ಣ ಮೀನಿನ ಹಾಗೆ ಈಜಿಸುವಂಥದ್ದು ‘ಸ್ಟ್ರೀಮರ್’.

ಮೊದಲ ಡಬ್ಬಿಗೆ ಒಂದು ಡಜನ್ ಸಾಕು. ಡ್ರೈನಲ್ಲಿ 14 ಮತ್ತು 16ನೇ ಸೈಜಿನ ಆ್ಯಡಮ್ಸ್ ಎರಡೆರಡು, 14ರ ಎಲ್ಕ್ ಹೇರ್ ಕ್ಯಾಡಿಸ್ ಎರಡು. ನಿಂಫ್‌ನಲ್ಲಿ 16ರ ಫೆಸೆಂಟ್ ಟೈಲ್, 14ರ ಹೇರ್ಸ್ ಇಯರ್ ಎರಡೆರಡು. ಸ್ಟ್ರೀಮರ್ ಎಂದು 10ರ ಕಪ್ಪು ವೂಲಿ ಬಗರ್ ಎರಡು. ಆ್ಯಡಮ್ಸ್ 1922ರಲ್ಲಿ ಮಿಷಿಗನ್‌ನಲ್ಲಿ ಹುಟ್ಟಿದ್ದು. ಯಾವ ಹುಳುವಿನ ಹಾಗೂ ಇಲ್ಲ, ಎಲ್ಲ ಹುಳುವಿನ ಹಾಗೂ ಇದೆ. ಫೆಸೆಂಟ್ ಟೈಲ್ ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರ್ಯಾಂಕ್ ಸಾಯರ್ ಕೈಯದು. ಆತ ನೂಲಿನ ಬದಲು ತಾಮ್ರದ ತಂತಿಯನ್ನೇ ಸುತ್ತಿದ. ಕಟ್ಟಿದ ಹಾಗೂ ಆಯಿತು, ಮುಳುಗಲು ಭಾರವೂ ಆಯಿತು.

ಫ್ಲೈ ಕಟ್ಟುವವರ ಲೋಕದಲ್ಲಿ ನಮ್ಮ ಪಶ್ಚಿಮಘಟ್ಟಕ್ಕೂ ಒಂದು ಪಾಲಿದೆ. ಕಾಡುಕೋಳಿ ಹುಂಜದ ಕತ್ತಿನ ಗರಿಯಲ್ಲಿ ಅರಗಿನ ಹನಿ ಬಿದ್ದಂಥ ಹೊಳೆಯುವ ಚುಕ್ಕೆಗಳಿರುತ್ತವೆ. ವಿಕ್ಟೋರಿಯಾ ಕಾಲದ ಸಾಲ್ಮನ್ ಫ್ಲೈಗಳಿಗೆ ‘ಜಂಗಲ್ ಕಾಕ್’ ಎಂಬ ಆ ಗರಿ ಇಲ್ಲದೆ ಕಳೆಯೇ ಇರಲಿಲ್ಲ. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಹಕ್ಕಿಯ ಬೆನ್ನಿಗಿದೆ. ಊರಿಗೆ ಹೋದಾಗ ತೋಟದಲ್ಲಿ ಬಿದ್ದ ಗರಿ ಸಿಕ್ಕಿತೆಂದು ಸೂಟ್‌ಕೇಸಿಗೆ ಹಾಕಿಕೊಂಡು ಬರುವ ಸಾಹಸ ಬೇಡ.

ಜೇಬಿನ ಸಾಮಾನು, ಜೇಬಿನ ದುಡ್ಡು

ಉಳಿದದ್ದರಲ್ಲಿ ಬಿಡಲಾಗದ್ದು ಕನ್ನಡಕ. ಪೋಲರೈಸ್ಡ್ ಗಾಜು ನೀರಿನ ಮೇಲಿನ ಪ್ರತಿಫಲನ ಕಳೆದು ಒಳಗಿನ ಕಲ್ಲು, ಮೀನು ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುರಿ ತಪ್ಪಿ ಬರುವ ಕೊಕ್ಕೆಯಿಂದ ಕಣ್ಣು ಕಾಯುತ್ತದೆ. ಟೋಪಿಯೂ ಅದಕ್ಕೇ. ಎಳೆ ಕತ್ತರಿಸಲು ಮನೆಯ ನೇಲ್ ಕಟ್ಟರ್ ಸಾಕು. ಮೀನಿನ ಬಾಯಿಂದ ಕೊಕ್ಕೆ ಬಿಡಿಸಲು ಡಾಕ್ಟರುಗಳ ಫೋರ್ಸೆಪ್ಸ್‌ನಂಥದೊಂದು ಚಿಮುಟ. ಅದರಲ್ಲೇ ಕೊಕ್ಕೆಯ ಹಿಂಮುಳ್ಳನ್ನು ಅಮುಕಿಬಿಡಿ. ಮೀನಿಗೂ ನಿಮ್ಮ ಕಿವಿಗೂ ಒಳ್ಳೆಯದು. ಡ್ರೈ ಫ್ಲೈ ತೇಲಲು ಒಂದು ಪುಟ್ಟ ಶೀಶೆ ಜೆಲ್.

ಎದೆಯವರೆಗಿನ, ನೀರು ಒಳಬಾರದ ಉಡುಪು, ಅಂದರೆ ವೇಡರ್ಸ್, ಮೊದಲ ಬೇಸಿಗೆಗೆ ಬೇಡ. ದಡದಿಂದಲೇ ಕಲಿಯಬಹುದು. ಆಮೇಲೆ ಕೊಂಡಾಗ ಸೊಂಟದ ಬೆಲ್ಟ್ ಬಿಗಿಯದೆ ನೀರಿಗೆ ಇಳಿಯಬೇಡಿ. ಕಾಲು ಜಾರಿದರೆ ಒಳಗೆ ನೀರು ತುಂಬದಂತೆ ತಡೆಯುವುದು ಅದೊಂದೇ. ಉಣ್ಣೆಯಂಥ ಫೆಲ್ಟ್ ಅಟ್ಟೆಯ ಬೂಟು ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ನ್ಯೂಜಿಲೆಂಡ್ 2008ರಲ್ಲೇ ಅದನ್ನು ನಿಷೇಧಿಸಿತು. ರಬ್ಬರ್ ಅಟ್ಟೆಯದನ್ನೇ ನೋಡಿ.

ಕೋಲು, ರೀಲ್, ದಾರ ಎಲ್ಲ ಜೋಡಿಸಿದ ಕಿಟ್ ಅಮೆರಿಕದಲ್ಲಿ ಸುಮಾರು 150ರಿಂದ 250 ಡಾಲರಿಗೆ ಸಿಗುತ್ತದೆ. ಮೂರರ ನಂಬರನ್ನೂ ಅವರೇ ಹೊಂದಿಸಿರುವುದರಿಂದ ನನ್ನಂಥ ಎಡವಟ್ಟಾಗುವುದಿಲ್ಲ. ಬಿಡಿಬಿಡಿಯಾಗಿ ಕೊಳ್ಳುವುದಾದರೆ ರೀಲಿನಲ್ಲಿ ಉಳಿಸಿ, ಲೈನಿಗೆ ಹಾಕಿ. ಸಾಧಾರಣ ಕೋಲಿಗೆ ಒಳ್ಳೆಯ ಲೈನ್ ಹಾಕಿದರೆ ಕೋಲು ಸುಧಾರಿಸುತ್ತದೆ. ಒಳ್ಳೆಯ ಕೋಲಿಗೆ ಕಳಪೆ ಲೈನ್ ಹಾಕಿದರೆ ಎರಡೂ ಕೆಡುತ್ತವೆ.

ನೀರಿಗೆ ಮೊದಲು ಹುಲ್ಲು

ಮೊದಲ ಎರಡು ವಾರ ಹೊಳೆಯ ಕಡೆ ತಲೆ ಹಾಕಬೇಡಿ. ಪಾರ್ಕಿನ ಹುಲ್ಲಿಗೆ ಹೋಗಿ. ಫ್ಲೈಯ ಬದಲು ಬಣ್ಣದ ಉಲ್ಲನ್ ಚೂರು ಕಟ್ಟಿ. ಮೂವತ್ತು ಅಡಿ ದಾರ ಮುಂದೆ ಚಾಚಿ. ಮುಖದ ಪಕ್ಕ ಒಂದು ಗಡಿಯಾರವಿದೆ ಎಂದುಕೊಂಡು, ಕೋಲನ್ನು ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಹಿಂದಕ್ಕೆ ಎತ್ತಿ, ಗಕ್ಕನೆ ನಿಲ್ಲಿಸಿ. ಈಗ ಕಾಯಿರಿ. ಹಿಂದೆ ದಾರ ಬಿಚ್ಚಿಕೊಂಡು ನೇರವಾಗಬೇಕು. ನಂಬಿಕೆ ಬಾರದಿದ್ದರೆ ತಿರುಗಿ ನೋಡಿ. ನೇರವಾದ ಕ್ಷಣ ಮುಂದಕ್ಕೆ ಬೀಸಿ, ಹತ್ತು ಗಂಟೆಗೆ ನಿಲ್ಲಿಸಿ. ಚಾಟಿಯ ಹಾಗೆ ‘ಛಟ್’ ಎಂದರೆ ನೀವು ಕಾಯಲಿಲ್ಲ ಎಂದರ್ಥ. ಹೊಳೆಯಲ್ಲಾದರೆ ಆ ಸದ್ದಿನೊಂದಿಗೇ ಫ್ಲೈ ಕಿತ್ತುಹೋಗಿರುತ್ತಿತ್ತು.

ಸಂಜೆ ಮನೆಯಲ್ಲಿ ಗಂಟು ಕಲಿಯಿರಿ. ಎಳೆಯನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ಅದರ ಮೇಲೆ ಅದನ್ನೇ ಐದು ಸುತ್ತು ಸುತ್ತಿ. ತುದಿಯನ್ನು ಕಣ್ಣಿನ ಹತ್ತಿರದ ಮೊದಲ ಕುಣಿಕೆಯಲ್ಲಿ ತೂರಿಸಿ, ಆಗ ಉಂಟಾದ ದೊಡ್ಡ ಕುಣಿಕೆಯಲ್ಲೂ ತೂರಿಸಿ. ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣ ನೈಲಾನ್ ಉಜ್ಜಿದ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ಮೊದಲು ದಪ್ಪ ಹುರಿಯಲ್ಲಿ, ಆಮೇಲೆ 5 ಎಕ್ಸ್‌ನಲ್ಲಿ.

ಯಾವ ನೀರು, ಯಾರ ಅಪ್ಪಣೆ

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಬೇರೆ ಲೈಸೆನ್ಸ್. ನ್ಯೂಯಾರ್ಕಿನ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಬೀವರ್‌ಕಿಲ್ ಮತ್ತು ವಿಲೋವೀಮಾಕ್ ಹೊಳೆಗಳು ಕೂಡುವ ರೊಸ್ಕೊ ಊರಿಗೆ ನಾನು ಹೋಗುತ್ತೇನೆ. ಅಮೆರಿಕದ ಡ್ರೈ ಫ್ಲೈ ಪರಂಪರೆ ಬೆಳೆದ ಜಾಗ ಅದು. ಥರ್ಮಾಮೀಟರ್ ಒಂದು ಜೇಬಿನಲ್ಲಿರುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಲು ಮಡಚುತ್ತೇನೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಿಡಿದು ಬಿಟ್ಟ ಟ್ರೌಟ್ ಬದುಕುವುದು ಕಷ್ಟ.

ಭಾರತದಲ್ಲಿ ಕಲಿಯುವವರಿಗೆ ಹಿಮಾಚಲದ ತೀರ್ಥನ್, ಕಾಶ್ಮೀರದ ಲಿಡ್ಡರ್ ಇವೆ. ಮೀನುಗಾರಿಕಾ ಇಲಾಖೆಯ ಪರವಾನಗಿ ಬೇಕು, ಚಳಿಗಾಲದಲ್ಲಿ ಟ್ರೌಟ್ ಮೊಟ್ಟೆಯಿಡುವಾಗ ಬಂದ್. ಕರ್ನಾಟಕದಲ್ಲಿ ಮಾತು ಬೇರೆ. ಒಂದು ಕಾಲಕ್ಕೆ ಜಗತ್ತಿನ ಗಾಳಗಾರರೆಲ್ಲ ಭೀಮೇಶ್ವರಿಗೆ ಬರುತ್ತಿದ್ದದ್ದು ಕಾವೇರಿಯ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ. ಅಲ್ಲಿಯ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್‌ನ ಅತಿ ಅಪಾಯದಂಚಿನ ಪಟ್ಟಿಯಲ್ಲಿದೆ. ಭೀಮೇಶ್ವರಿ ಇರುವ ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ. ಶೃಂಗೇರಿ, ಶಿಶಿಲದ ದೇವರ ಮೀನುಗಳಿಗಂತೂ ಮಂಡಕ್ಕಿ ಹಾಕಿ ಕೈಮುಗಿದು ಬರುವುದೇ ಸರಿ.

ಅಂದಹಾಗೆ, ನನ್ನ ಆ 8ನೇ ನಂಬರಿನ ಕೋಲು ಎರಡು ವರ್ಷ ಮೂಲೆಯಲ್ಲಿ ಕೂತಿತ್ತು. ಮೋಸ ಹೋದೆನೆಂದೇ ತಿಳಿದಿದ್ದೆ. ಒಂದು ಅಕ್ಟೋಬರಿನಲ್ಲಿ ಅದಕ್ಕೆ 8ನೇ ನಂಬರಿನ ಲೈನ್ ತಂದು ಸುತ್ತಿ, ಜೆರ್ಸಿ ಕಡಲ ದಂಡೆಗೆ ಸ್ಟ್ರೈಪ್ಡ್ ಬಾಸ್ ಹುಡುಕಿ ಹೋದೆ. ಎದುರುಗಾಳಿ. ಹಿಂದಕ್ಕೆ ಬೀಸಿದಾಗ ಕೋಲು ಮೊದಲ ಸಲ ಬಾಗಿದ್ದು ಅಂಗೈಗೆ ತಿಳಿಯಿತು. ಮುಂದಕ್ಕೆ ತಂದೆ. ದಾರ ಅಲೆಯ ಮೇಲೆ ಗೆರೆ ಎಳೆದ ಹಾಗೆ ಹೋಗಿ ಬಿತ್ತು. ಕೋಲು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಅದಕ್ಕೆ ಬೇಕಾದ ಭಾರವನ್ನು ನಾನು ಕೊಟ್ಟಿರಲಿಲ್ಲ.